ಕೈತಪ್ಪಿದ ಸಂಚಿಕೆ: ಮಲೆನಾಡಿನಲ್ಲಿ ಕಾಮಿಕ್ಸ್ ಅಭಿಮಾನ ಹುಟ್ಟಿದ ಬಗೆ

(ಶಿವಮೊಗ್ಗದಲ್ಲಿ ಓದುಗರ ಕೂಟವೊಂದರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಕಾಮಿಕ್ಸ್ ಓದಿದವರೆಲ್ಲರೂ ಅದರ ಅಭಿಮಾನಿಗಳಾಗುವುದಿಲ್ಲ. ಈ ಸಭೆಯಲ್ಲಿರುವ ಐವತ್ತು ದಾಟಿದ ಬಹುತೇಕರು ಬಾಲ್ಯದಲ್ಲಿ ಒಂದಲ್ಲ ಒಂದು ಚಿತ್ರಕಥೆಯನ್ನು ಓದಿಯೇ ಇರುತ್ತೀರಿ. ಅವರಲ್ಲಿ ಹೆಚ್ಚಿನವರು ಓದಿ, ನಕ್ಕು, ಮರೆತು, ಮುಂದೆ ಕಾದಂಬರಿಗೋ ಸಿನಿಮಾಕ್ಕೋ ಹೊರಳಿದವರು. ಕೆಲವರು ಮಾತ್ರ ಹಳೆಯ ಸಂಚಿಕೆಗಳನ್ನು ಟ್ರಂಕಿನಲ್ಲಿಟ್ಟು ಕಾಪಾಡಿಕೊಂಡರು. ಯಾವ ಕಥೆಯ ಬಳಿಕ ಯಾವ ಕಥೆ ಬಂದಿತ್ತೆಂಬುದನ್ನು ಅವರು ಇಂದಿಗೂ ತಡವರಿಸದೆ ಹೇಳಬಲ್ಲರು. ಈ ಎರಡು ಬಗೆಯ ಓದುಗರು ಎಲ್ಲಿ ಬೇರೆಯಾದರು ಎಂಬುದೇ ನಾನು ಇಂದು ಮಾತನಾಡಲು ಆರಿಸಿಕೊಂಡಿರುವ ವಿಷಯ. ನನ್ನ ವಾದವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಮಲೆನಾಡಿನಲ್ಲಿ ಓದುಗನನ್ನು ಅಭಿಮಾನಿಯನ್ನಾಗಿ ಮಾಡಿದ್ದು ಕೈಗೆ ಸಿಕ್ಕ ಸಂಚಿಕೆಗಿಂತ ಹೆಚ್ಚಾಗಿ ಕೈತಪ್ಪಿದ ಸಂಚಿಕೆ.

ಚಿತ್ರಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವ ಪದ್ಧತಿ ನಮ್ಮ ಸೀಮೆಗೆ ಮುದ್ರಣದೊಂದಿಗೆ ಬಂದದ್ದಲ್ಲ ಎಂಬುದನ್ನು ಇಲ್ಲಿ ನೆನೆಯುವುದು ಅಗತ್ಯ. ಈ ಊರಿನ ಶಿವಪ್ಪನಾಯಕನ ಅರಮನೆಯ ಆವರಣಕ್ಕೆ ಹೋದವರು ಅಲ್ಲಿ ನಿಲ್ಲಿಸಿರುವ ವೀರಗಲ್ಲುಗಳನ್ನು ನೋಡಿರುತ್ತಾರೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಾಗಿ ಕೊರೆದಿರುವ ಆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವ ನೋಟ, ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವ ದೃಶ್ಯ. ಒಬ್ಬನೇ ಮನುಷ್ಯ ಒಂದೇ ಕಲ್ಲಿನಲ್ಲಿ ಮೂರು ಸಲ ಕಾಣಿಸಿಕೊಂಡರೂ ಅವರು ಮೂವರು ಬೇರೆ ಬೇರೆ ವೀರರೆಂದು ಯಾರಿಗೂ ಅನ್ನಿಸುವುದಿಲ್ಲ. ಒಂದು ಪಟ್ಟಿಕೆಗೂ ಇನ್ನೊಂದಕ್ಕೂ ನಡುವೆ ಕಾಲ ಸರಿದಿದೆ ಎಂಬುದನ್ನು ನೋಡುವ ಕಣ್ಣೇ ತುಂಬಿಕೊಳ್ಳುತ್ತದೆ, ಕಾಮಿಕ್ಸ್ ಓದುವುದಕ್ಕೆ ಬೇಕಾದ ಮೂಲಭೂತ ಕೌಶಲವೂ ಇದೇ.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಇದರ ಇನ್ನೂ ವಿಸ್ತಾರವಾದ ರೂಪವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಗೋಡೆಯ ಮೇಲೆ 140 ಫಲಕಗಳಿವೆ. ದಕ್ಷಿಣದ ಗೋಡೆಯ 70 ಫಲಕಗಳಲ್ಲಿ ರಾಮಾಯಣ ನಡೆಯುತ್ತದೆ. ಅದೂ ವಾಡಿಕೆಗೆ ವಿರುದ್ಧವಾಗಿ, ಅಪ್ರದಕ್ಷಿಣವಾಗಿ. ಉತ್ತರದ ಗೋಡೆಯಲ್ಲಿ 25 ಫಲಕಗಳು ಕೃಷ್ಣನ ಕಥೆಗೂ ಉಳಿದ 45 ಮಹಾಭಾರತಕ್ಕೂ ಮೀಸಲಾಗಿವೆ. ವೀರಗಲ್ಲಿನಿಂದಲೇ ಕಾಮಿಕ್ಸ್ ಹುಟ್ಟಿತೆಂದು ಹೆಮ್ಮೆ ಕೊಚ್ಚಿಕೊಳ್ಳುವ ಉದ್ದೇಶ ನನಗಿಲ್ಲ, ಅಂಥ ವಂಶಾವಳಿಗಳಲ್ಲಿ ನನಗೆ ನಂಬಿಕೆಯೂ ಕಡಿಮೆ. ಆದರೆ ದೇವರ ದರ್ಶನಕ್ಕೆಂದು ಹೋದ ಮಗುವಿಗೆ ಅಜ್ಜಿಯೊಬ್ಬಳು ಫಲಕದಿಂದ ಫಲಕಕ್ಕೆ ಬೆರಳಿಟ್ಟು ಕಥೆ ಹೇಳಿದ್ದರೆ, ಆ ಮಗು ಮುಂದೆ ಚಿತ್ರಕಥೆಯ ಪುಟವನ್ನು ತೆರೆದಾಗ ಅದು ಅಪರಿಚಿತವೆನ್ನಿಸಿರಲಾರದು.

ಮುದ್ರಿತ ಚಿತ್ರಗಳ ಲೋಕಕ್ಕೆ ನಮ್ಮ ಮನೆಗಳನ್ನು ಪರಿಚಯಿಸಿದ್ದು ‘ಚಂದಮಾಮ’. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು ಮದರಾಸಿನಿಂದ 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂದಿತು. ಶಾಸ್ತ್ರೀಯವಾಗಿ ನೋಡಿದರೆ ಅದು ಕಾಮಿಕ್ಸ್ ಅಲ್ಲ, ಸಚಿತ್ರ ಕಥೆಗಳ ಪತ್ರಿಕೆ. ಆದರೂ ಶಂಕರ್ ಅವರು ಬರೆಯುತ್ತಿದ್ದ ವಿಕ್ರಮ–ಬೇತಾಳರ ಚಿತ್ರ, ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳು ಓದು ಬಾರದವರನ್ನೂ ಪುಟದ ಮುಂದೆ ಕೂರಿಸಿಕೊಂಡವು. ಜಗಲಿಯ ಮೇಲೆ ಒಬ್ಬ ಹುಡುಗ ಗಟ್ಟಿಯಾಗಿ ಓದುವುದು, ಅಡಿಕೆ ಸುಲಿಯುವವರು ಕೈಕೆಲಸ ಬಿಡದೆ ಕೇಳುವುದು, ನಡುನಡುವೆ ‘ಚಿತ್ರ ತೋರಿಸು’ ಎಂದು ಪುಸ್ತಕವನ್ನು ತಿರುಗಿಸಿಕೊಳ್ಳುವುದು — ಇದು ಅನೇಕ ಮನೆಗಳಲ್ಲಿದ್ದ ಓದಿನ ರೀತಿ. ಬೇತಾಳ ಪ್ರತಿ ತಿಂಗಳೂ ಒಗಟು ಹಾಕಿ, ಉತ್ತರ ಪಡೆದು, ಮತ್ತೆ ಮರವೇರುತ್ತಿದ್ದುದರಿಂದ ಕಥೆ ಮುಗಿದರೂ ಪತ್ರಿಕೆ ಮುಗಿಯುತ್ತಿರಲಿಲ್ಲ. ಮುಂದಿನ ತಿಂಗಳಿಗಾಗಿ ಕಾಯುವ ಅಭ್ಯಾಸ ಅಲ್ಲಿಂದ ಆರಂಭವಾಯಿತು.

ಇನ್ನು ‘ಅಮರ ಚಿತ್ರಕಥೆ’ಯ ಸಂಗತಿ. ಇದನ್ನು ಕುರಿತು ಎಲ್ಲರೂ ಹೇಳುವ ಕಥೆಯೊಂದಿದೆ. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಸರಾಗವಾಗಿ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂಬ ಪ್ರಶ್ನೆಗೆ ತಡವರಿಸಿದರು. ಅದನ್ನು ಕಂಡ ಅನಂತ ಪೈ ಅವರು ಭಾರತೀಯ ಕಥೆಗಳ ಚಿತ್ರಮಾಲೆಯೊಂದನ್ನು ತರಲು ಸಂಕಲ್ಪಿಸಿದರು. ಈ ಕಥೆ ಸುಳ್ಳಲ್ಲ. ಆದರೆ ಇದನ್ನು ಹೇಳುವವರು ಅದಕ್ಕೂ ಮುಂಚಿನ, ನಮಗೆ ಹೆಚ್ಚು ಹತ್ತಿರದ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲೇ ಈ ಹೆಸರಿನ ಚಿತ್ರಕಥೆಗಳು ಕನ್ನಡದಲ್ಲಿ ಹೊರಬಂದಿದ್ದವು. ಅವುಗಳಲ್ಲಿ ಸಿಂಡ್ರೆಲಾಳಂಥ ಪಾಶ್ಚಾತ್ಯ ಮಕ್ಕಳ ಕಥೆಗಳಿದ್ದವು. ಕನ್ನಡದಲ್ಲಿ ಅವು ಚೆನ್ನಾಗಿ ಮಾರಾಟವಾದದ್ದರಿಂದಲೇ ಮುಂಬಯಿಯ ಮುಖ್ಯ ಕಚೇರಿಗೆ ಮಾಲೆಯನ್ನು ಮುಂದುವರಿಸುವ ಧೈರ್ಯ ಬಂದಿತು. ಇಂಗ್ಲಿಷಿನಲ್ಲಿ ಈ ಮಾಲೆ 11ನೆಯ ಸಂಖ್ಯೆಯಿಂದ, ರಾಮ್ ವಾಯಿರ್ಕರ್ ಅವರು ಚಿತ್ರ ಬರೆದ ‘ಕೃಷ್ಣ’ನಿಂದ, ಆರಂಭವಾಗುವುದಕ್ಕೆ ಕಾರಣ ಮೊದಲ ಹತ್ತು ಸಂಖ್ಯೆಗಳು ಹೀಗೆ ಮೊದಲೇ ಬಳಕೆಯಾಗಿದ್ದುದು. ಇಂಗ್ಲಿಷ್ ಮಾಲೆಯ ಸಂಗ್ರಾಹಕನೊಬ್ಬ ಮೊದಲ ಹತ್ತನ್ನು ಹುಡುಕಹೊರಟರೆ ಅವನು ಕನ್ನಡದ ಬಾಗಿಲಿಗೇ ಬರಬೇಕಾಗುತ್ತದೆ. ಅನಂತ ಪೈ ಅವರು ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ಆಗುಂಬೆ ಘಾಟಿಯನ್ನಿಳಿದು ಹೆಬ್ರಿಯನ್ನು ದಾಟಿದರೆ ಸಿಗುವ ಊರು. ತೀರ್ಥಹಳ್ಳಿಯವರು ಅವರನ್ನು ನೆರೆಯೂರಿನವರೆಂದೇ ಹೇಳಿಕೊಂಡರೆ ತಪ್ಪೇನಿಲ್ಲ.

‘ಅಮರ ಚಿತ್ರಕಥೆ’ಗೆ ಮನೆಯ ಹಿರಿಯರ ಸಮ್ಮತಿ ಇದ್ದಿತು. ಪುರಾಣ, ಇತಿಹಾಸ, ಸಂತರ ಚರಿತ್ರೆ ಎಂದರೆ ಅಪ್ಪ ತಾನೇ ಹಣ ಕೊಟ್ಟು ತರಿಸುತ್ತಿದ್ದರು, ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಅದನ್ನೇ ಬಹುಮಾನವಾಗಿ ಕೊಡುತ್ತಿದ್ದರು. ಹೀಗೆ ಅನುಮತಿಯೊಂದಿಗೆ ಬಂದ ಪುಸ್ತಕವನ್ನು ಮಕ್ಕಳು ಪ್ರೀತಿಯಿಂದಲೇ ಓದಿದರು, ನಿಜ. ಆದರೆ ಹುಚ್ಚು ಹಿಡಿಸಿಕೊಂಡದ್ದು ಬೇರೆಡೆ ಎಂದು ನನ್ನ ಅನಿಸಿಕೆ. ಪ್ರತಿಯೊಂದು ಸಂಚಿಕೆಯೂ ತನ್ನಷ್ಟಕ್ಕೆ ಪೂರ್ಣವಾಗಿತ್ತು, ಕಥೆ ಮನೆಯಲ್ಲಿ ಮೊದಲೇ ತಿಳಿದದ್ದಾಗಿತ್ತು, ಕೊನೆಗೆ ಏನಾಗುವುದೋ ಎಂಬ ಆತಂಕಕ್ಕೆ ಅಲ್ಲಿ ಎಡೆಯಿರಲಿಲ್ಲ. ಕರ್ಣ ಸಾಯುತ್ತಾನೆಂಬುದು ತಾಳಮದ್ದಲೆ ಕೇಳುತ್ತ ಬೆಳೆದ ಯಾವ ಹುಡುಗನಿಗೆ ತಿಳಿದಿರಲಿಲ್ಲ?

ಹಿರಿಯರ ಸಮ್ಮತಿ ಇಲ್ಲದೆಯೇ ಒಳಬಂದವನು ಫ್ಯಾಂಟಮ್. ಅಮೆರಿಕದ ಲೀ ಫಾಕ್ ಅವರು 1936ರಲ್ಲಿ ಸೃಷ್ಟಿಸಿದ ಈ ಮುಸುಕುಧಾರಿ ನಮ್ಮಲ್ಲಿಗೆ ಎರಡು ದಾರಿಗಳಲ್ಲಿ ಬಂದ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ‘ಇಂದ್ರಜಾಲ ಕಾಮಿಕ್ಸ್’ ಒಂದು ದಾರಿ. ಅದು ಇಂಗ್ಲಿಷ್, ಹಿಂದಿಗಳಲ್ಲದೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಬಂದಿತು. ಅನಂತ ಪೈ ಅವರು ‘ಅಮರ ಚಿತ್ರಕಥೆ’ಗೂ ಮುನ್ನ ಕೆಲಸ ಮಾಡಿದ್ದು ಇದರಲ್ಲಿಯೇ. ಇನ್ನೊಂದು ದಾರಿ 1965ರಲ್ಲಿ ಹುಟ್ಟಿದ ‘ಸುಧಾ’ ವಾರಪತ್ರಿಕೆಯದು. ಅದರಲ್ಲಿ ಫ್ಯಾಂಟಮ್ ಧಾರಾವಾಹಿಯಾಗಿ ಬರುತ್ತಿದ್ದ. ಮಲೆನಾಡಿನ ಒಳ ಊರುಗಳ ಮಟ್ಟಿಗೆ ಹೆಚ್ಚು ಪರಿಣಾಮ ಮಾಡಿದ್ದು ಈ ಎರಡನೆಯ ದಾರಿಯೆಂದು ನನಗೆ ತೋರುತ್ತದೆ. ಏಕೆಂದರೆ ಪ್ರತ್ಯೇಕವಾಗಿ ಕಾಮಿಕ್ಸ್ ಕೊಳ್ಳದ ಮನೆಗೂ ‘ಸುಧಾ’ ಬರುತ್ತಿತ್ತು. ಅಪ್ಪನಿಗೆ ಲೇಖನಗಳು, ಅಮ್ಮನಿಗೆ ಕಾದಂಬರಿ, ಅವುಗಳ ಜೊತೆಯಲ್ಲಿ ಮಕ್ಕಳಿಗೆ ಫ್ಯಾಂಟಮ್.

ಇಲ್ಲಿ ನಮ್ಮ ಭೂಗೋಳ ಕಥೆಯೊಳಗೆ ಪ್ರವೇಶಿಸುತ್ತದೆ. ಪತ್ರಿಕೆಗಳ ಕಟ್ಟು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಬಸ್ಸಿನ ಟಾಪಿನ ಮೇಲೋ ಡ್ರೈವರ್ ಪಕ್ಕದಲ್ಲೋ ಪ್ರಯಾಣ ಮಾಡಿ ಹೊಸನಗರ, ಸಾಗರ, ತೀರ್ಥಹಳ್ಳಿಗಳನ್ನು ತಲುಪಬೇಕಿತ್ತು. ಅಲ್ಲಿಂದ ಹಳ್ಳಿಯ ಅಂಗಡಿಗೆ, ಅಂಗಡಿಯಿಂದ ಗದ್ದೆಯ ಅಂಚು ಹಿಡಿದು, ಸಂಕ ದಾಟಿ ಮನೆಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಆರಿದ್ರೆ, ಪುಷ್ಯ ಮಳೆಗಳ ಕಾಲದಲ್ಲಿ ಈ ಸರಪಳಿಯ ಯಾವ ಕೊಂಡಿ ಬೇಕಾದರೂ ಕಳಚಬಹುದಿತ್ತು. ಮರ ಬಿದ್ದು ರಸ್ತೆ ಮುಚ್ಚಿತೆಂದರೆ ಬಸ್ಸಿಲ್ಲ, ಬಸ್ಸಿಲ್ಲವೆಂದರೆ ಪತ್ರಿಕೆಯಿಲ್ಲ. ಬಂದರೂ ಒದ್ದೆಯಾಗಿ, ಪುಟಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದುವು. ಅವನ್ನು ಒಲೆಯ ಮೇಲಿನ ಬಿಸಿಗೆ ಹಿಡಿದು ಬಿಡಿಸಿದವರು ಈಗಲೂ ಇದ್ದಾರೆ. ಕಳೆದ ವಾರ ಫ್ಯಾಂಟಮ್ ಬಲೆಗೆ ಬಿದ್ದಿದ್ದಾನೆ. ಈ ವಾರದ ಸಂಚಿಕೆ ಬರಲೇ ಇಲ್ಲ. ಮುಂದಿನ ವಾರ ನೋಡಿದರೆ ಅವನು ಏನೂ ಆಗದವನಂತೆ ಕುದುರೆಯ ಮೇಲೆ ಕುಳಿತಿದ್ದಾನೆ. ನಡುವೆ ಏನು ನಡೆಯಿತು?

ಅಭಿಮಾನ ಹುಟ್ಟಿದ್ದು ಈ ಪ್ರಶ್ನೆಯಿಂದ. ಸಾಮಾನ್ಯ ಓದುಗನಾದರೆ ‘ಹೇಗೋ ತಪ್ಪಿಸಿಕೊಂಡಿರಬೇಕು’ ಎಂದು ಮುಂದೆ ಹೋಗುತ್ತಾನೆ. ಆದರೆ ಕೆಲವು ಮಕ್ಕಳಿಗೆ ಆ ಬಿಟ್ಟುಹೋದ ಭಾಗ ಬೇಕೇ ಬೇಕಾಗುತ್ತದೆ. ಅವರು ಶಾಲೆಯಲ್ಲಿ ಬೇರೆ ಊರಿನಿಂದ ಬರುವ ಹುಡುಗರನ್ನು ಕೇಳಿದರು; ಕ್ಷೌರದಂಗಡಿಯಲ್ಲಿ ತಮ್ಮ ಸರದಿ ಬಂದರೂ ‘ಅವರದ್ದು ಮೊದಲು ಆಗಲಿ’ ಎಂದು ಹಳೆಯ ಪತ್ರಿಕೆಗಳ ರಾಶಿಯನ್ನು ಕೆದಕಿದರು; ಮದುವೆಗೆಂದು ಹೋದ ನೆಂಟರ ಮನೆಯ ಅಟ್ಟ ಹತ್ತಿದರು. ಅಲ್ಲಿಯೂ ಸಿಗದಿದ್ದರೆ ತಾವೇ ಕಥೆ ಕಟ್ಟಿದರು. ಬಲೆಯಿಂದ ಫ್ಯಾಂಟಮ್ ಹೇಗೆ ಹೊರಬಂದನೆಂಬುದಕ್ಕೆ ಒಂದೇ ತರಗತಿಯಲ್ಲಿ ನಾಲ್ಕಾರು ಪಾಠಾಂತರಗಳು ಹುಟ್ಟಿ, ಅವುಗಳಲ್ಲಿ ಯಾವುದು ಸರಿಯೆಂದು ಜಗಳಗಳಾಗಿ, ಕೊನೆಗೆ ನಿಜವಾದ ಸಂಚಿಕೆ ಸಿಕ್ಕಾಗ ಅದು ಮಕ್ಕಳು ಕಟ್ಟಿದ ಕಥೆಗಿಂತ ಸಪ್ಪೆಯಾಗಿತ್ತೆಂಬ ನಿರಾಸೆಯೂ ಉಂಟಾಗುತ್ತಿತ್ತು. ಹುಡುಕುವುದು, ಹೋಲಿಸುವುದು, ವಾದಿಸುವುದು, ತಾನೇ ಮುಂದುವರಿಸುವುದು — ಅಭಿಮಾನಿಯ ಕಸುಬೆಲ್ಲ ಇದರಲ್ಲಿ ಅಡಗಿದೆ.

ಕಾಡಿನ ಮಕ್ಕಳಾದ ನಮಗೆ ಫ್ಯಾಂಟಮ್‌ನ ಕಾಡು ಪೂರ್ತಿ ಒಪ್ಪಿಗೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮೈಗಂಟಿದ ಉಡುಪು ತೊಟ್ಟು ಅಷ್ಟು ದಟ್ಟ ಕಾಡಿನಲ್ಲಿ ತಿರುಗುವವನಿಗೆ ಒಂದೇ ಒಂದು ಉಂಬಳವೂ ಹತ್ತದಿರುವುದು ಹೇಗೆ? ಹುಲಿಯೂ ಸಿಂಹವೂ ಒಂದೇ ಕಾಡಿನಲ್ಲಿ ಇರುವುದುಂಟೆ? ಈ ಎರಡನೆಯ ಪ್ರಶ್ನೆಗೆ ಕಾರಣವೂ ಇದೆ: ಲೀ ಫಾಕ್ ಅವರು ಮೊದಲು ಏಷ್ಯಾದ ಕಡೆ ಕಲ್ಪಿಸಿಕೊಂಡಿದ್ದ ಆ ನಾಡು ಮುಂದೆ ಆಫ್ರಿಕಕ್ಕೆ ಸರಿದು, ಎರಡೂ ಖಂಡಗಳ ಪ್ರಾಣಿಗಳನ್ನು ತನ್ನಲ್ಲಿ ಉಳಿಸಿಕೊಂಡಿತು. ‘ಬಂಗಲ್ಲಾ’ ಎಂಬ ಮೂಲ ಹೆಸರಿನಿಂದ ಭಾರತದ ಓದುಗರಿಗೆ ಅದು ಬಂಗಾಳವೆಂಬ ಗೊಂದಲವಾಗದಿರಲೆಂದು ‘ಇಂದ್ರಜಾಲ’ದಲ್ಲಿ ಅದರ ಹೆಸರನ್ನು ‘ಡೆಂಕಾಲಿ’ ಎಂದು ಬದಲಿಸಿದ್ದೂ ಉಂಟು. ಹಾಗೆಂದು ಈ ತಕರಾರುಗಳಿಂದ ನಮ್ಮ ಪ್ರೀತಿ ಕುಗ್ಗಲಿಲ್ಲ. ತಪ್ಪು ಹಿಡಿಯುವಷ್ಟು ಗಮನವಿಟ್ಟು ಓದುವವನೇ ಬಿಡದೆ ಓದುವವನೂ ಆಗಿರುತ್ತಾನೆ.

ಇದೇ ಗಮನ ಚಿತ್ರಕಾರನ ಕೈಯನ್ನು ಗುರುತಿಸುವಲ್ಲಿಯೂ ಕೆಲಸ ಮಾಡಿತು. ಫ್ಯಾಂಟಮ್‌ನ ಮೊದಲ ಚಿತ್ರಕಾರ ರೇ ಮೂರ್. ಅವರ ನಂತರ ವಿಲ್ಸನ್ ಮೆಕಾಯ್. 1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಸೈ ಬ್ಯಾರಿ ಬಂದು 1994ರವರೆಗೆ ಬರೆದರು. ಈ ಹೆಸರುಗಳಲ್ಲಿ ಒಂದನ್ನೂ ಕೇಳಿರದ ಹುಡುಗರು ‘ಇದು ಹಳೇ ಫ್ಯಾಂಟಮ್, ಇದು ಹೊಸಾ ಫ್ಯಾಂಟಮ್’ ಎಂದು ಪುಟ ನೋಡಿದೊಡನೆ ವಿಂಗಡಿಸುತ್ತಿದ್ದರು. ಮೆಕಾಯ್ ಅವರ ಗೆರೆ ಸರಳ, ಮುಖಗಳು ತುಸು ಗೊಂಬೆಯಂತೆ. ಬ್ಯಾರಿಯವರ ಫ್ಯಾಂಟಮ್‌ಗೆ ಸ್ನಾಯುಗಳಿವೆ, ನೆರಳಿದೆ, ಹಿನ್ನೆಲೆಯ ಕಾಡಿಗೆ ಆಳವಿದೆ. ನನ್ನ ಒಲವು ಬ್ಯಾರಿಯವರ ಕಡೆಗೆ. ಆದರೆ ಮೆಕಾಯ್ ಅವರದ್ದೇ ನಿಜವಾದ ಫ್ಯಾಂಟಮ್ ಎಂದು ಹಟ ಹಿಡಿಯುವ ಹಿರಿಯರೊಂದಿಗೆ ವಾದಿಸಿ ಗೆಲ್ಲಲಾಗುವುದಿಲ್ಲ. ಮುಖಪುಟಗಳದ್ದು ಬೇರೆಯೇ ಮಾತು. ‘ಇಂದ್ರಜಾಲ’ದ ಮುಖಪುಟಗಳನ್ನು ಬಹುಕಾಲ ಬಿಡಿಸಿದ ಬಿ. ಗೋವಿಂದ್ ಅವರ ಬಣ್ಣಗಳು ಒಳಪುಟಗಳಿಗಿಂತ ಎಷ್ಟೋ ಸೊಗಸಾಗಿದ್ದುದರಿಂದ, ಮುಖಪುಟ ಹರಿದ ಪ್ರತಿಗೆ ಮಕ್ಕಳ ವಿನಿಮಯದಲ್ಲಿ ಅರ್ಧ ಬೆಲೆಯೂ ಇರುತ್ತಿರಲಿಲ್ಲ.

ವಿನಿಮಯದ ಮಾತು ಬಂದದ್ದರಿಂದ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ನೆನೆಯಬೇಕು. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಒಂದೇ ಕೋಣೆಯಲ್ಲಿ, ಠೇವಣಿ ಇಟ್ಟುಕೊಂಡು ದಿನಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಈ ಖಾಸಗಿ ಗ್ರಂಥಾಲಯಗಳು ಮುಖ್ಯವಾಗಿ ಕಾದಂಬರಿಯ ಓದುಗರಿಂದ ಬದುಕಿದ್ದವು. ಕಾಮಿಕ್ಸ್‌ಗಳನ್ನು ಕೆಳಗಿನ ಸಾಲಿನಲ್ಲಿ, ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು ಹಾಕಿ, ಪಕ್ಕದಲ್ಲಿ ದಾರದಿಂದ ಹೊಲಿದು ಇಟ್ಟಿರುತ್ತಿದ್ದರು. ಅಂಗಡಿಯಲ್ಲೇ ನಿಂತು ಓದಿದರೆ ಮಾಲೀಕರು ಗದರಿಸುತ್ತಿದ್ದುದರಿಂದ ಒಬ್ಬ ಬಾಡಿಗೆಗೆ ತಂದದ್ದನ್ನು ಐದಾರು ಜನ ಒಂದೇ ಸಂಜೆಯಲ್ಲಿ ಓದಿ ಮುಗಿಸುವ ಒಪ್ಪಂದಗಳಿದ್ದವು. ಹೆಣ್ಣುಮಕ್ಕಳಿಗೆ ಈ ಅನುಕೂಲ ಕಡಿಮೆ. ಬಸ್ ನಿಲ್ದಾಣದ ಬಳಿ ಸುಳಿದಾಡುವ ಸ್ವಾತಂತ್ರ್ಯ ಅವರಿಗಿರಲಿಲ್ಲವಾಗಿ, ಅಣ್ಣತಮ್ಮಂದಿರು ತಂದದ್ದನ್ನು ಅವರು ಓದಿ ಮುಗಿಸಿದ ಮೇಲೆ, ಅಡುಗೆಮನೆಯ ಕೆಲಸದ ನಡುವೆ ಓದಬೇಕಿತ್ತು. ಮಲೆನಾಡಿನ ಕಾಮಿಕ್ಸ್ ಅಭಿಮಾನದ ನೆನಪುಗಳೆಲ್ಲ ಗಂಡುಹುಡುಗರವೇ ಆಗಿ ಕಾಣುವುದಕ್ಕೆ ಇದು ಕಾರಣವೇ ಹೊರತು ಹುಡುಗಿಯರು ಓದಲಿಲ್ಲವೆಂದಲ್ಲ. ‘ಸುಧಾ’ದ ಪುಟಗಳನ್ನು ವಾರವಾರವೂ ಕತ್ತರಿಸಿ, ಕ್ರಮವಾಗಿ ಜೋಡಿಸಿ, ಗೋಣಿ ಹೊಲಿಯುವ ದಬ್ಬಣದಿಂದ ಪುಸ್ತಕವಾಗಿ ಹೊಲಿದಿಟ್ಟವರಲ್ಲಿ ಮನೆಯ ಹೆಣ್ಣುಮಕ್ಕಳೇ ಹೆಚ್ಚು. ಬಿಟ್ಟುಹೋದ ವಾರದ ಜಾಗದಲ್ಲಿ ಖಾಲಿ ಹಾಳೆಯೊಂದನ್ನು ಸೇರಿಸಿ ಹೊಲಿಯುವ ಶಿಸ್ತು ಅವರದ್ದು. ಆ ವಾರದ ಪುಟ ಎಂದಾದರೂ ಸಿಕ್ಕರೆ ಅಂಟಿಸಲೆಂದು ಜಾಗ ಬಿಟ್ಟಿರುತ್ತಿದ್ದರು.

ಬೇಸಿಗೆ ರಜೆಯಲ್ಲಿ ಬೆಂಗಳೂರು, ಮುಂಬಯಿಗಳಿಂದ ಬರುತ್ತಿದ್ದ ನೆಂಟರ ಮಕ್ಕಳು ಇಂಗ್ಲಿಷ್ ಕಾಮಿಕ್ಸ್‌ಗಳನ್ನು ತರುತ್ತಿದ್ದರು. ಭಾಷೆ ಬಾರದಿದ್ದರೂ ಚಿತ್ರ ನೋಡಿಯೇ ಕಥೆ ಹಿಡಿಯುವುದು ಇಲ್ಲಿನ ಮಕ್ಕಳಿಗೆ ಕಷ್ಟವಾಗಲಿಲ್ಲ. 1980ರಲ್ಲಿ ಆರಂಭವಾದ ‘ಟಿಂಕಲ್’ ಬಂದದ್ದೂ ಹೀಗೆ. ಅದರ ಪ್ರಸಿದ್ಧ ಪಾತ್ರ ಸುಪ್ಪಂಡಿಯ ಮೂಲ ತಮಿಳುನಾಡಿನ ಓದುಗರೊಬ್ಬರು ಬರೆದು ಕಳುಹಿಸಿದ ಕಥೆಗಳಲ್ಲಿದೆ ಎಂಬುದು, ಓದುಗನಿಗೂ ಪತ್ರಿಕೆಗೂ ನಡುವಿನ ಗೋಡೆ ಎಷ್ಟು ತೆಳುವಾಗಿತ್ತೆಂಬುದಕ್ಕೆ ಸಾಕ್ಷಿ. ಅದಾದ ಮೇಲಿನ ತಲೆಮಾರಿಗೆ ಬಸ್ ನಿಲ್ದಾಣದ ಅಂಗಡಿಯಲ್ಲಿ ‘ಬಾಲಮಂಗಳ’ ಸಿಕ್ಕಿತು, ಅದರೊಂದಿಗೆ ಡಿಂಗನೆಂಬ ಬಲಶಾಲಿ ಇಲಿಯೂ ಸಿಕ್ಕಿತು. ಮಲಯಾಳದಲ್ಲಿ 1983ರಲ್ಲಿ ಹುಟ್ಟಿದ ಈ ಇಲಿಗೆ ಕನ್ನಡದಲ್ಲಿ ದೊರೆತ ಪ್ರೀತಿಯ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯ ಹಿಂದಿನ ಸಾಲುಗಳಲ್ಲಿದ್ದಾರೆ.

ಅಮೆರಿಕದಲ್ಲಿ ಅಭಿಮಾನಿ ಬಳಗ ಬೆಳೆದ ಬಗೆ ಬೇರೆ. ಅಲ್ಲಿ ಪತ್ರಿಕೆಗಳು ಓದುಗರ ಪತ್ರಗಳನ್ನು ವಿಳಾಸ ಸಹಿತ ಪ್ರಕಟಿಸಿದ್ದರಿಂದ ಓದುಗರು ನೇರವಾಗಿ ಪರಸ್ಪರ ಕಾಗದ ಬರೆದುಕೊಂಡರು. 1961ರಲ್ಲಿ ಜೆರಿ ಬೇಲ್ಸ್ ಎಂಬ ಅಭಿಮಾನಿ ತಾನೇ ಕಾಮಿಕ್ಸ್ ಕುರಿತ ಪುಟ್ಟ ಪತ್ರಿಕೆ ಹೊರಡಿಸಿದ. 1964ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅಭಿಮಾನಿಗಳು ಸಭೆ ಸೇರಿದರು. ನಮ್ಮಲ್ಲಿ ಅಂಥ ಸಂಘಟನೆ ಬೆಳೆಯಲಿಲ್ಲ. ‘ಚಂದಮಾಮ’ದ ಫೋಟೋ ಶೀರ್ಷಿಕೆ ಸ್ಪರ್ಧೆಗೆ ಕಾರ್ಡು ಹಾಕಿ, ಬಹುಮಾನ ಪಡೆದವರ ಹೆಸರಿನಲ್ಲಿ ನಮ್ಮ ಜಿಲ್ಲೆಯ ಊರೇನಾದರೂ ಇದೆಯೇ ಎಂದು ಹುಡುಕುವುದಷ್ಟೇ ನಮ್ಮ ಸಾರ್ವಜನಿಕ ಬದುಕು. ಉಳಿದದ್ದೆಲ್ಲ ಶಾಲೆಯ ಬೆಂಚು, ಜಗಲಿ, ಬಸ್ಸಿಗೆ ಕಾಯುವ ಕಟ್ಟೆ ಇಷ್ಟರೊಳಗೇ ನಡೆಯಿತು.

1980ರ ದಶಕದ ನಡುವೆ ಟೆಲಿವಿಷನ್ ನಮ್ಮ ಗುಡ್ಡಗಳನ್ನು ಹತ್ತಿತು. 1990ರಲ್ಲಿ ‘ಇಂದ್ರಜಾಲ’ ನಿಂತಿತು, 2010ರ ದಶಕದ ಆರಂಭದಲ್ಲಿ ‘ಚಂದಮಾಮ’ವೂ ನಿಂತಿತು. ಈಗ ಹಳೆಯ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳು ಫೋನಿನಲ್ಲೇ ದೊರೆಯುತ್ತವೆ, ನಡುವಿನ ವಾರ ಕಾಣೆಯಾಗುವ ಪ್ರಮೇಯವಿಲ್ಲ. ಓದಲು ಇದು ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡುವವರು ಪುಟಗಳನ್ನು ಶುಚಿಗೊಳಿಸುತ್ತಾರೆ. ಅಂಚಿನ ಬರಹ, ಲೈಬ್ರರಿಯ ಮೊಹರು, ಕೈಬದಲಾದವರ ಹೆಸರುಗಳನ್ನು ಅಳಿಸಿಬಿಡುತ್ತಾರೆ. ಕಥೆ ಉಳಿಯುತ್ತದೆ, ಅದನ್ನು ಯಾರು ಓದಿದರೆಂಬುದು ಅಳಿಯುತ್ತದೆ. ಆದುದರಿಂದ ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಕಟ್ಟೊಂದು ಸಿಕ್ಕರೆ, ಅದನ್ನು ಗುಜರಿಗೆ ಹಾಕುವ ಮುನ್ನ ಮುಖಪುಟದ ಒಳಬದಿಯನ್ನು ನೋಡಿ. ಅಲ್ಲಿ ಯಾರ ಹೆಸರಿನ ಮೇಲೆ ಯಾರ ಹೆಸರಿದೆ, ಯಾವ ಊರಿನ ಲೈಬ್ರರಿಯ ಮೊಹರಿದೆ, ಹೊಲಿದ ಸಂಪುಟದಲ್ಲಿ ಎಲ್ಲೆಲ್ಲಿ ಖಾಲಿ ಹಾಳೆಗಳಿವೆ ಎಂಬುದನ್ನು ಗುರುತು ಮಾಡಿಟ್ಟುಕೊಂಡು, ಪುಟಗಳನ್ನು ಇದ್ದಂತೆಯೇ ಫೋಟೋ ತೆಗೆದಿಡಿ. ಕನ್ನಡದಲ್ಲಿ ಕಾಮಿಕ್ಸ್ ಓದಿನ ಚರಿತ್ರೆಯನ್ನು ಬರೆಯುವವರಿಗೆ ಮೊದಲು ಬೇಕಾಗುವುದು ಆ ಹೆಸರುಗಳು ಮತ್ತು ಆ ಖಾಲಿ ಹಾಳೆಗಳು.